ಕಾಂಪೌಂಡರ್ ಮಗಳ ಮಾತ್ರೆ

ಪೀಪಿ ಮಾತ್ರೆಗೆ ಬಗ್ಗುವ ಹುಡುಗಿಯಲ್ಲ. ಹುಟ್ಟಿದಾಗಿನಿಂದಲೂ ಅಷ್ಟೇ. ಬಾಯಿ ತೆರೆಸೋಕೆ ಇಬ್ಬರು, ಕಾಲು ಹಿಡಿಯೋಕೆ ಒಬ್ಬರು ಬೇಕು. ಅಷ್ಟೆಲ್ಲ ಹೆಣಗಾಡಿ ಒಳಗೆ ತಳ್ಳಿದ ಮೇಲೂ ಆ ಮಾತ್ರೆ ಕೆನ್ನೆಯ ಸಂದಿಯಲ್ಲಿ ಜಾಣತನದಿಂದ ಕೂತಿದ್ದು, ಹತ್ತು ನಿಮಿಷ ಬಿಟ್ಟು ದಿಂಬಿನ ಕೆಳಗೆ ಸಿಗುತ್ತಿತ್ತು. ಅಳು ಶುರು ಮಾಡಿದಳೆಂದರೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು, ಅದಕ್ಕೇ ಪೀಪಿ ಅಂತ ಹೆಸರು ಬಿದ್ದದ್ದು. ಈಗ ಎಂಟು ವರ್ಷ. ಮೂರನೇ ಕ್ಲಾಸು. ತಮಾಷೆ ಏನಪ್ಪಾ ಅಂದರೆ, ಇವಳ ಅಪ್ಪ ಆರೋಗ್ಯ ಕೇಂದ್ರದ ಕಾಂಪೌಂಡರ್. ಊರಿಗೆಲ್ಲ ಮಾತ್ರೆ ಎಣಿಸಿ ಕೊಡುವವನು.

ಆದರೆ ಅಪ್ಪನ ಕೈಯಲ್ಲಿ ಮಾತ್ರ ಪೀಪಿಯ ಆಟ ನಡೆಯುತ್ತಿರಲಿಲ್ಲ. ಕಾಂಪೌಂಡರ್ ಒಂದು ಚಮಚದಲ್ಲಿ ಮಾತ್ರೆ ಇಟ್ಟು, ಇನ್ನೊಂದು ಚಮಚದ ಬೆನ್ನಿನಿಂದ ಒತ್ತಿ ಅರ್ಧ ಸುತ್ತು ತಿರುಗಿಸುತ್ತಿದ್ದ. ಮಾತ್ರೆ ಹಿಟ್ಟು ಹಿಟ್ಟಾಗುತ್ತಿತ್ತು. ಅದಕ್ಕೆ ಎರಡು ಹನಿ ನೀರು, ಮೇಲೆ ಒಂದಿಷ್ಟು ಜೇನುತುಪ್ಪ. ಆಮೇಲೆ ಚಮಚವನ್ನು ಗಾಳಿಯಲ್ಲಿ ಸುತ್ತಿಸುತ್ತ, "ಲಾರಿ ಬಂತು, ಲಾರಿ ಬಂತು, ಗೇಟು ತೆಗೀರಿ!" ಅನ್ನುತ್ತಿದ್ದ. ಪೀಪಿ ಗೇಟು ತೆಗೆಯುತ್ತಿದ್ದಳು. ಅದೇ ಚಮಚ, ಅದೇ ಜೇನು ಹಿಡಿದು ಅವಳ ಅಮ್ಮ ಒಂದು ಸಲ ಲಾರಿ ಬಿಟ್ಟು ನೋಡಿದಳು. ಊಹೂಂ, ಗೇಟು ಜಪ್ಪಯ್ಯ ಅನ್ನಲಿಲ್ಲ. ಅವತ್ತು ಕಾಂಪೌಂಡರ್ ಹೆಂಡತಿಯ ಎದುರು ಮೀಸೆ ತಿರುವಿದ್ದೇ ತಿರುವಿದ್ದು.

ವರ್ಷಕ್ಕೆ ಎರಡು ಸಲ ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಬರುತ್ತದಲ್ಲ, ಆ ದಿನ ಅವನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ದಿನ. ಒಂದನೇ ಕ್ಲಾಸು, ಎರಡನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದ ಹಳೇ ಟೀಚರ್ ಪೀಪಿಯ ಮುಂದೆ ಕೈಚೆಲ್ಲಿ ಕೂತಿದ್ದರು. "ಇವಳ ಸಹವಾಸ ನಂಗೆ ಬೇಡ, ಅವರಪ್ಪನ ಹತ್ರಾನೇ ಕರ್ಕೊಂಡು ಹೋಗು" ಅಂತ ಆಯಾ ಜೊತೆ ಆರೋಗ್ಯ ಕೇಂದ್ರಕ್ಕೆ ಕಳಿಸಿಬಿಡುತ್ತಿದ್ದರು. ಎರಡು ಬೀದಿ ದಾಟಿದರೆ ಆರೋಗ್ಯ ಕೇಂದ್ರ. ಕಾಂಪೌಂಡರ್ ಮಗಳನ್ನು ಔಷಧಿ ಕೋಣೆಯ ಮೇಜಿನ ಮೇಲೆ, ರಟ್ಟಿನ ಡಬ್ಬಗಳ ನಡುವೆ ಕೂರಿಸಿ ಲಾರಿ ಬಿಡುತ್ತಿದ್ದ. ಕಿಟಕಿಯಾಚೆ ಚೀಟಿ ಹಿಡಿದು ನಿಂತವರು ಗೊಣಗಿದರೆ, "ಸ್ವಲ್ಪ ತಡ್ಕೊಳ್ರೀ, ಇಲ್ಲಿ ಮುಖ್ಯವಾದ ಕೆಲಸ ನಡೀತಿದೆ" ಅನ್ನುತ್ತಿದ್ದ. ಊರಿನ ಸಾವಿರಾರು ಮಕ್ಕಳು ಮೇಷ್ಟ್ರುಗಳ ಕೈಯಿಂದ ಮಾತ್ರೆ ತಿಂದರೆ, ಒಂದು ಮಗು ಮಾತ್ರ ಅಪ್ಪನ ಕೈಯಿಂದಲೇ ತಿನ್ನುತ್ತದೆ! ಆ ಸುಖ ಎಂಥದ್ದು ಅಂತ ಅವನಿಗೇ ಗೊತ್ತು.

ಮೂರನೇ ಕ್ಲಾಸಿಗೆ ಬಂದ ಹೊಸ ಮೇಷ್ಟ್ರು ಇದಕ್ಕೆಲ್ಲ ಕಲ್ಲು ಹಾಕಿದರು.

ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಒಂದು ವರ್ಷಕ್ಕೆ ಅಂತ ತಗೊಂಡಿದ್ದರು. ಬಾಗಿಲಲ್ಲಿ ಬಗ್ಗಿಯೇ ಬರಬೇಕು, ಅಷ್ಟು ಎತ್ತರ. ಮಕ್ಕಳು ಮೊದಲನೇ ದಿನವೇ ಉದ್ದ ಸರ್ ಅಂತ ಹೆಸರಿಟ್ಟುಬಿಟ್ಟವು. ಆ ಮನುಷ್ಯ ಅದಕ್ಕೂ ನಕ್ಕು, ಗೋಡೆಯ ಮೇಲೆ ತನ್ನ ಎತ್ತರಕ್ಕೆ ಒಂದು ಗೀಟು ಎಳೆದು, "ಯಾರು ಮೊದಲು ಇಲ್ಲಿಗೆ ಮುಟ್ತೀರಿ ನೋಡೋಣ" ಅಂದರಂತೆ. ಅಂತೆ ಯಾಕೆ ಅಂದರೆ, ಕಾಂಪೌಂಡರ್‌ಗೆ ಇದೆಲ್ಲ ಗೊತ್ತಾದದ್ದು ಊಟಕ್ಕೆ ಕೂತಾಗ, ಮಗಳ ಬಾಯಿಂದ. ನಮ್ ಸರ್ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕ್ತಾರೆ. ನಮ್ ಸರ್ ಬಾಳೆಹಣ್ಣು ತೊಟ್ಟಿನ ಕಡೆಯಿಂದ ಅಲ್ಲ, ಆ ಕಡೆಯಿಂದ ಸುಲೀತಾರೆ. ನಮ್ ಸರ್‌ಗೆ ಕೋಪಾನೇ ಬರಲ್ಲ. ನಮ್ ಸರ್, ನಮ್ ಸರ್, ನಮ್ ಸರ್!

"ನಿಮ್ ಸರ್ ಉಸಿರಾಡ್ತಾರಾ, ಇಲ್ಲ ಅದೂ ಬೇರೆ ಥರಾನಾ?" ಅಂದ ಕಾಂಪೌಂಡರ್ ಒಂದು ದಿನ.

ಪೀಪಿ ಯೋಚನೆ ಮಾಡಿ ಹೇಳಿದಳು. "ಆಡ್ತಾರೆ ಅಪ್ಪ. ಆದ್ರೆ ಮೇಲೆ ಆಡ್ತಾರೆ."

ಅವಳ ಅಮ್ಮನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಕಾಂಪೌಂಡರ್‌ಗೆ ಮೈಯೆಲ್ಲ ಉರಿದುಹೋಯಿತು. ಮಾರನೇ ದಿನ ಮುಖಕ್ಷೌರ ಮಾಡಿಕೊಳ್ಳುವಾಗ ಬಚ್ಚಲಿನಲ್ಲಿ ಎರಡು ಬೆರಳು ಬಾಯಿಗಿಟ್ಟು ಊದಿ ನೋಡಿದ. ಸಿಳ್ಳೆ ಬರಲಿಲ್ಲ, ಸೋಪಿನ ನೊರೆ ಬಾಯಿಗೆ ಹೋಯಿತು. ನಾಚಿಕೆಗೇಡು ಅಂದರೆ ನಾಚಿಕೆಗೇಡು. ನಲವತ್ತೊಂದು ವರ್ಷದ ಗಂಡಸು, ಹನ್ನೆರಡು ವರ್ಷದ ಸರ್ವಿಸ್ಸು, ಬಚ್ಚಲಿನಲ್ಲಿ ನಿಂತು ಪುಸ್ ಪುಸ್ ಅಂತ ಊದುವುದು!

ನಗುವ ವಿಷಯವಲ್ಲದ್ದೂ ಒಂದಿತ್ತು. ಮೊದಲು ಪೀಪಿ ಶಾಲೆ ಬಿಟ್ಟ ಕೂಡಲೇ ನೆಟ್ಟಗೆ ಔಷಧಿ ಕೋಣೆಗೆ ಬರುತ್ತಿದ್ದಳು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಗದದ ಕವರುಗಳಿಗೆ ಬೆಳಗ್ಗೆ ಒಂದು, ಸಂಜೆ ಒಂದು ಅಂತ ಗೀಟು ಹಾಕಿ ಕೊಡುತ್ತಿದ್ದಳು. ಈಗ ಶಾಲೆಯ ಹಿಂದಿನ ಗಿಡಗಳಿಗೆ ನೀರು ಹಾಕಬೇಕಂತೆ, ಸರ್ ಒಂದು ಗುಂಪು ಮಾಡಿದ್ದಾರಂತೆ. ಐದು ಗಂಟೆಗೆ ಕಾಲೆಲ್ಲ ಕೆಸರು ಮಾಡಿಕೊಂಡು ಸೀದಾ ಮನೆಗೇ ಹೋಗುತ್ತಿದ್ದಳು. ನಾಲ್ಕು ಗಂಟೆಯಾದರೆ ಕಾಂಪೌಂಡರ್‌ನ ಕಣ್ಣು ತನ್ನಷ್ಟಕ್ಕೆ ತಾನೇ ಬಾಗಿಲ ಕಡೆ ಹೋಗುತ್ತಿತ್ತು. ಕವರಿನ ಮೇಲೆ ಗೀಟು ತಾನೇ ಹಾಕುವಾಗ ಅಳು ಬಂದ ಹಾಗಾಗುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಇದನ್ನ? ಮಗಳಿಗೆ ಮೇಷ್ಟ್ರೆಂದರೆ ಇಷ್ಟ ಅಂತ ಹೊಟ್ಟೆ ಉರಿಯುತ್ತಿದೆ ಅಂತ ಹೇಳಿದರೆ ಜನ ನಗೋದಿಲ್ಲವೇ?

ಅಂಥ ಹೊತ್ತಿನಲ್ಲೇ ಮೇಷ್ಟ್ರುಗಳಿಗೆ ತರಬೇತಿ ಬಂತು. ಮಾತ್ರೆ ಕೊಡುವ ದಿನಕ್ಕಿಂತ ಒಂದು ವಾರ ಮುಂಚೆ ಎಲ್ಲ ಶಾಲೆಗಳಿಂದ ಒಬ್ಬೊಬ್ಬರನ್ನು ಆರೋಗ್ಯ ಕೇಂದ್ರಕ್ಕೆ ಕರೆಸಿ ಹೇಳಿಕೊಡುತ್ತಾರೆ. ಡಾಕ್ಟರಮ್ಮ ಎರಡು ಮಾತಾಡಿ ಕೂರುತ್ತಾರೆ, ಮಿಕ್ಕದ್ದೆಲ್ಲ ಕಾಂಪೌಂಡರ್‌ದೇ. ಅವನಿಗೆ ಅದು ಬಾಯಿಪಾಠ.

"ಊಟ ಆದ ಮೇಲೆ ಕೊಡಿ. ನಿಮ್ಮೆದುರಿಗೇ ಅಗಿಸಿ ತಿನ್ನಿಸಿ. ಹುಷಾರಿಲ್ಲದ ಮಕ್ಕಳಿಗೆ ಅವತ್ತು ಬೇಡ, ಮುಂದಿನ ವಾರ ಕೊಡಿ. ಒಬ್ಬರಿಗೆ ಒಂದೇ, ಕೊಟ್ಟ ತಕ್ಷಣ ಹೆಸರಿನ ಮುಂದೆ ಗುರುತು ಹಾಕಿ. ಮುಖ್ಯವಾಗಿ, ಯಾವ ಕಾರಣಕ್ಕೂ ಮಾತ್ರೆ ಮನೆಗೆ ಕಳಿಸಬೇಡಿ. ಮನೇಲಿ ಯಾರು ತಿಂದ್ರು, ಎಷ್ಟು ತಿಂದ್ರು, ದೇವರಿಗೇ ಗೊತ್ತು."

ಹಿಂದಿನ ಸಾಲಿನಿಂದ ಒಂದು ಉದ್ದನೆಯ ಕೈ ಮೇಲೆದ್ದಿತು. "ಮಕ್ಕಳ ಮುಂದೆ ನಾವೇ ಮೊದಲು ಒಂದು ಅಗಿದು ತೋರಿಸಿದ್ರೆ ಹೇಗೆ? ಅವಕ್ಕೆ ಹೆದರಿಕೆ ಹೋಗತ್ತೆ ಅಲ್ವಾ?"

ಡಾಕ್ಟರಮ್ಮ ಕನ್ನಡಕ ತೆಗೆದು ನೋಡಿದರು. "ಎಷ್ಟು ಚೆನ್ನಾಗಿ ಹೇಳಿದ್ರಿ ನೋಡಿ! ಎಲ್ಲರೂ ಹಾಗೇ ಮಾಡಿ. ರೀ ಕಾಂಪೌಂಡರ್, ಪ್ರತಿ ಶಾಲೆಗೂ ಮೇಷ್ಟ್ರುಗಳ ಲೆಕ್ಕಕ್ಕೆ ಒಂದೊಂದು ಜಾಸ್ತಿ ಹಾಕಿ."

ಹನ್ನೆರಡು ವರ್ಷ ಗಂಟಲು ಹರಿದುಕೊಂಡವನಿಗೆ ಒಂದು ದಿನ ಭೇಷ್ ಅನ್ನಲಿಲ್ಲ ಈ ಅಮ್ಮ. ನಿನ್ನೆ ಮೊನ್ನೆ ಬಂದ ಈ ಬಿದಿರುಗಳ ಒಂದು ಮಾತಾಡಿದರೆ ಕನ್ನಡಕ ತೆಗೆಯುತ್ತಾರೆ! ಕಾಂಪೌಂಡರ್ ಹಲ್ಲು ಕಡಿದುಕೊಂಡೇ ಪೊಟ್ಟಣ ಕಟ್ಟಿದ. ಉದ್ದ ಸರ್ ಪೊಟ್ಟಣ ತಗೊಳ್ಳುವಾಗ, "ನಿಮ್ಮ ಮಗಳು ಕ್ಲಾಸಲ್ಲಿ ನಿಮ್ಮ ಬಗ್ಗೆ ತುಂಬಾ ಹೇಳ್ತಾಳೆ" ಅಂತ ನಕ್ಕರು. ಇವನ ಕಿವಿಗೆ ಅದು ಹೋಗಲೇ ಇಲ್ಲ. ಹೊಟ್ಟೆಕಿಚ್ಚು ಹತ್ತಿದ ಕಿವಿಗೆ ಬೇಕಾದದ್ದೊಂದೂ ಕೇಳಿಸುವುದಿಲ್ಲ.

ಮಾತ್ರೆ ದಿನಕ್ಕೆ ಇನ್ನೊಂದು ದಿನ ಇದೆ ಅನ್ನುವಾಗ ಪೀಪಿ ಊಟದ ತಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ಅಪ್ಪ, ನಾಳೆ ನಾನು ನಿನ್ನ ಹತ್ರ ಬರಲ್ಲ. ಕ್ಲಾಸಲ್ಲೇ ತಗೋತೀನಿ. ಅಗಿದು."

"ಅಗಿದಾ? ನೀನಾ?"

"ಹೂಂ. ಸರ್‌ಗೆ ಹೇಳಿದೀನಿ. ಪುಡಿ ಮಾಡಿ ಕೊಡೋದು ಚಿಕ್ಕ ಪಾಪುಗಳಿಗೆ."

"ಅಬ್ಬಾ, ಅಂತೂ ಬುದ್ಧಿ ಬಂತು! ಒಳ್ಳೇದಾಯ್ತಲ್ಲ ರೀ, ನೀವಿನ್ನು ಚಮಚ ಎತ್ತಿಡಬಹುದು" ಅಂದಳು ಹೆಂಡತಿ.

ಕಾಂಪೌಂಡರ್ ಬಾಯಿಗೆತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಎಲ್ಲ ಹೋಗಲಿ, ಸಿಳ್ಳೆ ಹೋಗಲಿ, ಬಾಳೆಹಣ್ಣು ಹೋಗಲಿ, ಸಂಜೆ ನಾಲ್ಕು ಗಂಟೆಯೂ ಹೋಗಲಿ. ಇದೊಂದಾದರೂ ತನ್ನದು ಅಂದುಕೊಂಡಿದ್ದ. ಆ ಉದ್ದನೆಯವನು ಅದಕ್ಕೂ ಕೈ ಹಾಕಿದ.

ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುವವಳು, ಬೆಳಗ್ಗೆ ಏಳಕ್ಕೇ ಹೊರಡಬೇಕು. ಮಾರನೇ ದಿನ ಅವಳು ಅತ್ತ ಹೋದದ್ದೇ ಕಾಂಪೌಂಡರ್ ಅಂಗಿಯ ಜೇಬಿನಿಂದ ಒಂದು ಮಾತ್ರೆ ತೆಗೆದ. ಹಿಂದಿನ ದಿನ ಔಷಧಿ ಕೋಣೆಯಿಂದ ತಂದಿಟ್ಟುಕೊಂಡದ್ದು. ಅಂದರೆ ಊಟದ ಹೊತ್ತಿಗೆ ಮಗಳು ಆ ಮಾತು ಹೇಳುವ ಮೊದಲೇ ಜೇಬಿಗೆ ಬಿದ್ದಿತ್ತು. ಮಗಳು ಈ ಸಲ ಬರುವುದಿಲ್ಲ ಅನ್ನುವ ಅಳುಕು ಆಗಲೇ ಒಳಗೆ ಕೂತಿತ್ತು. ಎರಡು ಚಮಚ ತಗೊಂಡ, ಒತ್ತಿದ, ತಿರುಗಿಸಿದ. ನೀರು, ಜೇನು.

ಪೀಪಿ ಹಾಲಿನ ಲೋಟ ಕೆಳಗಿಟ್ಟು ನೋಡಿದಳು. "ಅದೇನಪ್ಪ?"

"ಜಂತುಹುಳದ್ದು. ಬೆಳಗ್ಗೇನೇ ತಗೊಂಡ್ರೆ ಚೆನ್ನಾಗಿ ಕೆಲಸ ಮಾಡತ್ತೆ."

"ಊಟ ಆದ್ಮೇಲೆ ಅಂತ ಸರ್ ಹೇಳಿದ್ರು."

"ನಿಮ್ ಸರ್‌ಗೆ ಹೇಳಿಕೊಟ್ಟಿದ್ದೇ ನಾನು!"

ದನಿ ಜೋರಾಯಿತು. ಪೀಪಿ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಮಕ್ಕಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಅಪ್ಪನಿಗೆ ಏನೋ ಆಗಿದೆ ಅಂತ ಅವಳಿಗೆ ತಿಳಿಯಿತು, ಏನು ಅಂತ ತಿಳಿಯಲಿಲ್ಲ.

"ಸರ್ ಕೊಡೋಕೆ ಬಂದ್ರೆ ಏನು ಹೇಳ್ಲಿ?"

"ಹೊಟ್ಟೆನೋವು ಅನ್ನು. ಹುಷಾರಿಲ್ಲದವರಿಗೆ ಕೊಡೋ ಹಾಗಿಲ್ಲ, ಬಿಟ್ಬಿಡ್ತಾರೆ. ಇಲ್ಲಿ ತಿಂದಿದ್ದು ಮಾತ್ರ ಯಾರಿಗೂ ಹೇಳಬೇಡ. ನಿಮ್ ಸರ್‌ಗಂತೂ ಹೇಳಲೇಬೇಡ. ಇದು ನಮ್ಮಿಬ್ಬರದೇ ಗುಟ್ಟು, ಆಯ್ತಾ?"

"ಅಪ್ಪ, ನಿಂಗೆ ಬೇಜಾರಾಗಿದೆಯಾ?"

"ಇಲ್ಲ ಕಣೇ. ಲಾರಿ ಬಂತು."

ಪೀಪಿ ಗೇಟು ತೆಗೆದಳು.

ಆ ಬೆಳಗ್ಗೆ ಕಾಂಪೌಂಡರ್ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿಟಕಿಗೆ ಬಂದವರಿಗೆಲ್ಲ ನಗುನಗುತ್ತಾ ಔಷಧಿ ಕೊಟ್ಟ. ದಿನಾ ಜಗಳ ಆಡುವ ಸಕ್ಕರೆ ಕಾಯಿಲೆಯ ಅಜ್ಜಿಗೆ ಕುರ್ಚಿ ಹಾಕಿ ಕೂರಿಸಿದ. ಶಾಲೆಯಲ್ಲಿ ಊಟ ಮುಗಿದಿರುತ್ತದೆ, ಉದ್ದನೆಯವನು ಮಾತ್ರೆ ಹಿಡಿದು ಪೀಪಿಯ ಮುಂದೆ ನಿಂತಿರುತ್ತಾನೆ, ಇವಳು ಹೊಟ್ಟೆ ಹಿಡಿದುಕೊಂಡು ಬೇಡ ಸರ್ ಅಂದಿರುತ್ತಾಳೆ. ಆ ಮುಖ ಹೇಗೆ ಜೋತುಬಿದ್ದಿರಬಹುದು! ಇಷ್ಟೇ ಇವನಿಗೆ ಬೇಕಾಗಿದ್ದದ್ದು. ಯಾರಿಗೂ ಕೇಡಿಲ್ಲ, ಮಗಳಿಗೆ ಮಾತ್ರೆಯೂ ಬಿತ್ತು, ಮೇಷ್ಟ್ರಿಗೆ ಮುಖಭಂಗವೂ ಆಯಿತು.

ಒಂದೂವರೆ ಹೊತ್ತಿಗೆ ಶಾಲೆಯ ಆಯಾ ಏದುಸಿರು ಬಿಡುತ್ತ ಓಡಿಬಂದಳು. "ಡಾಕ್ಟರಮ್ಮಾ, ಬೇಗ ಬನ್ನಿ! ಮಾತ್ರೆ ತಿಂದ ಮಕ್ಕಳು ವಾಂತಿ ಮಾಡ್ಕೊಳ್ತಿವೆ. ಕಾಂಪೌಂಡರೇ, ಮೊದಲು ಶುರುವಾಗಿದ್ದೇ ನಿಮ್ ಹುಡುಗಿಗೆ!"

ಕಾಂಪೌಂಡರ್ ಕೈಯಲ್ಲಿದ್ದ ಕವರು ಬಿಸಾಕಿ ಎದ್ದ. ಹುಡುಗಿ ಹೊಟ್ಟೆನೋವು ಅಂತ ಹೇಳಿಲ್ಲ. ಅಲ್ಲೂ ತಿಂದಿದ್ದಾಳೆ.

ಆದದ್ದು ಇಷ್ಟು. ಉದ್ದ ಸರ್ ಮೊದಲು ತಾವೊಂದು ಮಾತ್ರೆ ಅಗಿದು, ನಾಲಿಗೆ ಚಾಚಿ ತೋರಿಸಿ, "ಈಗ ಯಾರು?" ಅಂದರು. ಒಬ್ಬರೂ ಏಳಲಿಲ್ಲ. ಆಗ, "ನಮ್ಮ ಪೀಪಿ ಬರ್ತಾಳೆ. ಔಷಧಿ ಮನೆಯ ಹುಡುಗಿ, ಅವಳಿಗೇನು ಭಯ" ಅಂತ ಕರೆದರು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆಯ ನಡುವೆ ಎದ್ದುಹೋಗಿ ಹೊಟ್ಟೆನೋವು ಅನ್ನುವುದು ಹೇಗೆ? ಗುಟ್ಟು ಹೇಳುವ ಹಾಗಿಲ್ಲ, ಸರ್ ಮಾತಿಗೆ ಇಲ್ಲ ಅನ್ನುವ ಹಾಗಿಲ್ಲ. ಮಗು ಮಾತ್ರೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಅಗಿದು ನುಂಗಿತು. ಅರ್ಧ ಗಂಟೆ ಕಳೆಯುವುದರಲ್ಲಿ ಬೆಂಚಿನ ಮೇಲೆಲ್ಲ ವಾಂತಿ. ಅದನ್ನು ನೋಡಿ ಪಕ್ಕದ ಹುಡುಗನಿಗೆ ಹೊಟ್ಟೆ ತೊಳೆಸಿತು, ಅವನನ್ನು ನೋಡಿ ಇನ್ನಿಬ್ಬರಿಗೆ. ಆರೋಗ್ಯ ಕೇಂದ್ರದವರು ಬಂದಾಗ ಜಗಲಿಯಲ್ಲಿ ಒಂಬತ್ತು ಮಕ್ಕಳು ಮಲಗಿದ್ದವು, ಮಿಕ್ಕವು ಗೊಳೋ ಅಂತ ಅಳುತ್ತಿದ್ದವು, ಗೇಟಿನ ಒಳಗೆ ಆಗಲೇ ಇಪ್ಪತ್ತು ಮೂವತ್ತು ಅಪ್ಪ ಅಮ್ಮಂದಿರು ಸೇರಿದ್ದರು.

ಎಲ್ಲರಿಗಿಂತ ಜೋರು ಗ್ಯಾರೇಜಿನವನದು. ಅವನ ಮಗ ಪೀಪಿಯ ಪಕ್ಕ ಕೂರುವ ಹುಡುಗ. "ಏನ್ರೀ ಮೇಷ್ಟ್ರೇ, ಮಾತ್ರೆ ಅಂದ್ರೆ ಪೆಪ್ಪರ್‌ಮಿಂಟ್ ಅಂದ್ಕೊಂಡ್ರಾ? ಚಪ್ಪಾಳೆ ಹೊಡಿಸ್ಕೊಂಡು ಎರಡೆರಡು ತಿನ್ನಿಸಿದೀರಾ?"

ಉದ್ದ ಸರ್ ಹೆಸರಿನ ಪಟ್ಟಿ ಹಿಡಿದುಕೊಂಡು ನಿಂತಿದ್ದರು. "ಇಲ್ಲ ಸಾರ್. ಮೂವತ್ತಾರು ಮಕ್ಕಳು, ಮೂವತ್ತಾರು ಮಾತ್ರೆ, ನಂದೊಂದು. ಬೇರೆ ಕ್ಲಾಸುಗಳಿಗೆ ಉಳಿದದ್ದು ಇಲ್ಲೇ ಇದೆ ನೋಡಿ."

"ಪಟ್ಟಿ ಯಾರಿಗ್ರೀ ಬೇಕು!"

ಡಾಕ್ಟರಮ್ಮ ಒಂದೊಂದು ಮಗುವಿನ ನಾಡಿ ಹಿಡಿದು ನೋಡುತ್ತ ಬಂದರು. ಬೇರೆ ತರಗತಿಯ ತಾಯಂದಿರು ಆಗಲೇ, "ನಮ್ಮ ಮಕ್ಕಳಿಗೆ ಬೇಡವೇ ಬೇಡ, ಇನ್ನು ಯಾವತ್ತೂ ಬೇಡ" ಅಂತ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಹೆಡ್ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಉದ್ದ ಸರ್ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. "ನೀವು ನಾಳೆಯಿಂದ ಬರಬೇಡಿ. ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ." ಆಮೇಲೆ ನೋಡೋಣ ಅಂದರೆ ಏನರ್ಥ ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಒಂದು ವರ್ಷದ ಕೆಲಸದವನಿಗೆ ಆಮೇಲೆ ಅನ್ನುವುದಿಲ್ಲ.

ಕಾಂಪೌಂಡರ್ ಕಂಬಕ್ಕೆ ಒರಗಿ ನಿಂತಿದ್ದ. ನಾಲ್ಕು ತಿಂಗಳಿಂದ ಅವನು ಬೇಡಿಕೊಂಡದ್ದು ಇದೇ ಅಲ್ಲವೇ? ಉದ್ದನೆಯವನು ಊರು ಬಿಡಲಿ ಅಂತ. ಬಾಯಿ ತೆರೆಯದಿದ್ದರೆ ಸಾಕು, ಹೋಗಿಬಿಡುತ್ತಾನೆ.

ಡಾಕ್ಟರಮ್ಮ ಪೀಪಿಯ ಪಕ್ಕ ಕೂತರು. ಹುಡುಗಿ ಬಿಳಿಚಿಕೊಂಡು ಗೋಡೆಗೆ ಒರಗಿದ್ದಳು. "ಪುಟ್ಟಾ, ಬೆಳಗ್ಗೆಯಿಂದ ಏನೇನು ತಿಂದೆ ಹೇಳು. ಮನೇಲಿ ಬೇರೆ ಏನಾದ್ರೂ ಮಾತ್ರೆ ಗೀತ್ರೆ ತಿಂದಿದ್ಯಾ?"

ಪೀಪಿ ತಲೆ ಎತ್ತಿದಳು. ಅಷ್ಟು ಜನರ ನಡುವೆ ಕಂಬದ ಹತ್ತಿರ ನಿಂತಿದ್ದ ಅಪ್ಪನನ್ನು ಹುಡುಕಿ, ನೋಡಿ, ಮೆಲ್ಲಗೆ ಅಂದಳು. "ಇಲ್ಲ."

ಆಗ ಕಾಂಪೌಂಡರ್‌ಗೆ ಏನಾಯಿತು ಗೊತ್ತೇ? ಖುಷಿಯಾಯಿತು. ಹೌದು ಸ್ವಾಮಿ, ಮಗಳು ವಾಂತಿ ಮಾಡಿಕೊಂಡು ಬಿದ್ದಿದ್ದಾಳೆ, ಇವನಿಗೆ ಖುಷಿ! ಅವಳ ಸರ್ ಅಲ್ಲೇ ನಿಂತಿದ್ದಾರೆ, ಎಲ್ಲರಿಂದ ಉಗಿಸಿಕೊಳ್ಳುತ್ತಿದ್ದಾರೆ, ಒಂದು ಮಾತು ಹೇಳಿದರೆ ಅವರು ಉಳಿಯುತ್ತಾರೆ. ಆದರೂ ಹೇಳಲಿಲ್ಲ. ಆ ಸರ್‌ಗಿಂತ ಅಪ್ಪನೇ ಹೆಚ್ಚು! ಇವನ ಎದೆ ಉಬ್ಬಿತು, ಕಣ್ಣು ತುಂಬಿತು. ತನ್ನದು ತನಗೇ ಉಳಿಯಿತು ಅನ್ನಿಸಿತು.

"ಹೌದೇನ್ರೀ ಕಾಂಪೌಂಡರ್?" ಡಾಕ್ಟರಮ್ಮ ಕೇಳಿದರು.

"ಹಾಲು ಕುಡಿದಿದ್ಲು ಮೇಡಂ. ಅಷ್ಟೇ" ಅಂದ.

ಉದ್ದ ಸರ್ ಬಂದು ಪೀಪಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಷ್ಟು ಉದ್ದದ ಮನುಷ್ಯ ಮಡಿಚಿಕೊಂಡು ಕೂತರೂ ಹುಡುಗಿಗಿಂತ ಎತ್ತರವೇ. "ನಂದೇ ತಪ್ಪು ಪೀಪಿ. ನಿನ್ನನ್ನ ಮೊದಲು ಕರೀಬಾರದಿತ್ತು ನಾನು. ನೀನು ಹೆದರ್ಕೋಬೇಡ. ಸರ್ ಹೋದ್ರೂ ಗಿಡಕ್ಕೆ ನೀರು ಹಾಕೋದು ಬಿಡಬೇಡಿ, ಆಯ್ತಾ?"

ಪೀಪಿ ಅಳಲಿಲ್ಲ. ಬೀದಿಯ ತುದಿಯವರೆಗೆ ಕೇಳುವ ಹಾಗೆ ಅಳುವ ಹುಡುಗಿ, ಉಸಿರೆತ್ತಲಿಲ್ಲ. ಎರಡು ಕೈಯನ್ನೂ ಬಾಯಿಗೆ ಅಡ್ಡ ಇಟ್ಟುಕೊಂಡು, ಮಾತು ತಪ್ಪಿಯೂ ಹೊರಗೆ ಬಂದುಬಿಡದ ಹಾಗೆ ಒತ್ತಿ ಹಿಡಿದುಕೊಂಡಳು. ಕಣ್ಣೀರು ಮಾತ್ರ ಬೆರಳ ಮೇಲಿಂದ ಇಳಿಯುತ್ತಿತ್ತು. ಸರ್ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು.

ಕಾಂಪೌಂಡರ್ ಅದನ್ನು ನೋಡಿದ. ಉಬ್ಬಿದ ಎದೆ ಇಳಿದುಹೋಯಿತು. ಇದು ಪ್ರೀತಿಯಲ್ಲಿ ಗೆದ್ದದ್ದಲ್ಲ, ಮಗುವಿನ ಬಾಯಿಗೆ ಬೀಗ ಹಾಕಿದ್ದು. ಎಂಟು ವರ್ಷದ ಕೂಸು ಅಪ್ಪನ ಮರ್ಯಾದೆಯನ್ನು ಎರಡು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕೂತಿದೆ. ಛೀ! ಅವನಿಗೆ ಅವನ ಮೇಲೆ ಬಂದ ಅಸಹ್ಯ ಅಷ್ಟಿಷ್ಟಲ್ಲ.

"ನಾನು ಕೊಟ್ಟೆ" ಅಂದ.

ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ, ಕಿಟಕಿಯಲ್ಲಿ ನಂಬರ್ ಕೂಗುವ ದನಿಯಲ್ಲಿ ಕೂಗಿದ. "ನಾನು ಕೊಟ್ಟೆ! ಬೆಳಗ್ಗೆ ಮನೇಲಿ ಇದೇ ಮಾತ್ರೆ ನಾನೇ ಕೊಟ್ಟಿದ್ದೆ. ಮೇಷ್ಟ್ರು ಒಂದೇ ಕೊಟ್ಟಿದ್ದು. ಅವರ ಪಟ್ಟಿ ಸರಿ ಇದೆ."

ಡಾಕ್ಟರಮ್ಮ ನಿಧಾನವಾಗಿ ಎದ್ದು ನಿಂತರು.

"ಮಾತ್ರೆ ಮನೆಗೆ ಕಳಿಸಬೇಡಿ ಅಂತ ಊರಿಗೆಲ್ಲ ಹೇಳಿದ್ದು ನೀವು."

"ಹೌದು ಮೇಡಂ."

"ಮತ್ಯಾಕ್ರೀ ಕೊಟ್ರಿ?"

ಹೇಳೋಕೆ ಹತ್ತು ಸುಳ್ಳಿದ್ದವು. ಮಗಳಿಗೆ ಅಗಿಯೋಕೆ ಬರಲ್ಲ, ಮರೆತುಹೋಯಿತು, ಡೋಸ್ ಲೆಕ್ಕ ತಪ್ಪಿತು. ಒಂದೂ ಬಾಯಿಗೆ ಬರಲಿಲ್ಲ.

"ಹೊಟ್ಟೆಕಿಚ್ಚಿಗೆ" ಅಂದ. "ನನ್ನ ಮಗಳು ಅವರ ಕೈಯಿಂದ ತಿಂತೀನಿ ಅಂದ್ಲು. ನಂಗೆ ತಡ್ಕೊಳ್ಳೋಕಾಗಲಿಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗ್ಯಾರೇಜಿನವನು ಹಣೆ ಚಚ್ಚಿಕೊಂಡ. "ಥೂ ನಿಮ್ಮ! ಇಂಥವರ ಕೈಲಿ ನಾವು ಔಷಧಿ ಇಸ್ಕೊಂಡು ಕುಡೀಬೇಕಲ್ಲಪ್ಪಾ!"

ಡಾಕ್ಟರಮ್ಮ ಜನರ ಕಡೆ ತಿರುಗಿದರು. ಎರಡು ಮಾತ್ರೆಯಿಂದ ಜೀವಕ್ಕೇನೂ ಅಪಾಯವಿಲ್ಲ, ಸಂಜೆಗೆ ಸರಿಹೋಗುತ್ತಾಳೆ. ಮಿಕ್ಕ ಎಂಟು ಮಕ್ಕಳಿಗೆ ಆಗಿರುವುದು ಹೆದರಿಕೆ, ಒಬ್ಬರನ್ನು ನೋಡಿ ಒಬ್ಬರಿಗೆ. ನೀರು ಕುಡಿಸಿ ನೆರಳಲ್ಲಿ ಕೂರಿಸಿ ಸಾಕು ಅಂದರು. ಗ್ಯಾರೇಜಿನವನ ಮಗ ಆಗಲೇ ಎದ್ದು ಕೂತು ಬಿಸ್ಕತ್ತು ಕೇಳುತ್ತಿದ್ದ. ಆಮೇಲೆ ಡಾಕ್ಟರಮ್ಮ ಕಾಂಪೌಂಡರ್ ಹತ್ತಿರ ಬಂದು ದನಿ ತಗ್ಗಿಸಿ, "ಇನ್ನು ಶಾಲೆಗಳ ಕೆಲಸ ನಿಮಗೆ ಬೇಡ. ನಾಳೆ ಏನಾಯ್ತು ಅಂತ ಬರೆದು ಕೊಡಿ, ಮೇಲಿನವರು ಏನು ಮಾಡ್ತಾರೋ ಮಾಡಲಿ" ಅಂದರು. ಅವನು ತಲೆಯಾಡಿಸಿದ. ಹೆಡ್ ಮೇಡಂ ಉದ್ದ ಸರ್‌ನ ಪಕ್ಕಕ್ಕೆ ಕರೆದು, ಗಡಿಬಿಡಿಯಲ್ಲಿ ಏನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ ಅನ್ನುತ್ತಿದ್ದರು.

ಕಾಂಪೌಂಡರ್ ಮಗಳ ಮುಂದೆ ಮಂಡಿಯೂರಿದ. ಪೀಪಿ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಪ್ಪ, ನಾನು ಹೇಳ್ಲಿಲ್ಲ. ನಿನ್ನಾಣೆ ನಾನು ಯಾರಿಗೂ ಹೇಳ್ಲಿಲ್ಲ."

"ಗೊತ್ತು ಕಂದಾ. ನಂಗೊತ್ತು. ತಪ್ಪೆಲ್ಲ ನಂದು."

ಅವಳು ಅವನ ಕಿವಿಗೆ ಬಾಯಿಟ್ಟಳು. ಜೇನಿನ ವಾಸನೆಯಲ್ಲ, ಹುಳಿ ವಾಸನೆ ಬಂತು. "ಅಪ್ಪ, ನಾನು ಸರ್ ಎದುರಿಗೆ ಸುಳ್ಳು ಹೇಳಿದೆ. ಇನ್ನು ಸರ್ ನನ್ನ ಹತ್ರ ಮಾತಾಡ್ತಾರಾ?"

ಇಷ್ಟು ಹೊತ್ತು ಜನ ಉಗಿದರು, ನಕ್ಕರು, ಡಾಕ್ಟರಮ್ಮ ಶಾಲೆಗಳ ಕೆಲಸ ಕಿತ್ತುಕೊಂಡರು. ಅದೆಲ್ಲ ಇವನಿಗೆ ತಡೆದುಕೊಳ್ಳಲು ಆಗಿತ್ತು. ಇದು ಆಗಲಿಲ್ಲ. ತನಗೆ ಬೇಕು ಅಂತ ಮಗಳಿಂದ ಏನು ಕಿತ್ತುಕೊಂಡೆ ಅನ್ನುವುದು ಆಗ ಅರಿವಾಯಿತು. ಕೂತಲ್ಲೇ ಬಿಕ್ಕಿದ. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು ಮಗಳನ್ನು ಎತ್ತಿಕೊಂಡು, ಅಂಗಳದಲ್ಲಿ ನಿಂತಿದ್ದ ಉದ್ದ ಸರ್ ಹತ್ತಿರ ಹೋದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಸರ್" ಅಂದ ಕಾಂಪೌಂಡರ್. "ನನ್ನ ಕ್ಷಮಿಸಬೇಕು ಅಂತ ಕೇಳಲ್ಲ. ಇವಳನ್ನ ಒಂದ್ಸಲ ಮಾತಾಡ್ಸಿ. ಸುಳ್ಳು ಹೇಳಿಸಿದ್ದು ನಾನು, ಇವಳಲ್ಲ."

ಕಾಂಪೌಂಡರ್ ಮೇಲಿನ ಸಿಟ್ಟು ಉದ್ದ ಸರ್ ಮುಖದಲ್ಲಿ ಹಾಗೇ ಇತ್ತು, ಅದನ್ನು ಮುಚ್ಚಿಡುವ ಕೆಲಸಕ್ಕೂ ಹೋಗಲಿಲ್ಲ. ಆಮೇಲೆ ಬಗ್ಗಿ, ಪೀಪಿಯ ಮುಖದ ಹತ್ತಿರ ಮುಖ ತಂದರು.

"ಪೀಪಿ, ಪೂರ್ತಿ ಅಗಿದೆಯಲ್ಲ ನೀನು! ಕೆನ್ನೆಯಲ್ಲಿ ಇಟ್ಕೊಂಡಿರ್ತೀಯಾ ಅಂತ ನಾನು ಅಂದ್ಕೊಂಡಿದ್ದೆ."

"ಇಲ್ಲ ಸರ್, ಪೂರ್ತಿ" ಅಂದಳು ಪೀಪಿ, ಬಿಕ್ಕುತ್ತಲೇ. ನಕ್ಕಳು ಕೂಡ. ಅಪ್ಪನ ಅಂಗಿ ಹಿಡಿದಿದ್ದ ಕೈ ಬಿಟ್ಟು ಎರಡೂ ತೋಳನ್ನು ಸರ್ ಕಡೆ ಚಾಚಿದಳು.

ಕಾಂಪೌಂಡರ್‌ನ ಹೊಟ್ಟೆಯೊಳಗೆ ಮತ್ತೆ ಅದೇ ಉರಿ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದನ್ನು ಹಾಗೇ ಉರಿಯಲು ಬಿಟ್ಟು, ಮಗಳು ಬೀಳದ ಹಾಗೆ ಬೆನ್ನಿಗೆ ಕೈ ಕೊಟ್ಟು, ಅವರ ತೋಳಿಗೆ ಒಪ್ಪಿಸಿದ.